ವಾಹನ ನಿಲುಗಡೆ ಶುಲ್ಕ ಮತ್ತು ಪೇಟೆಯ ಏಳಿಗೆ: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಕುರಿತು

1. ಪೀಠಿಕೆ

ಪಟ್ಟಣದ ಮುಖ್ಯ ಬೀದಿಯಲ್ಲಿ ಬೈಕು, ಕಾರು ನಿಲ್ಲಿಸಲು ದುಡ್ಡು ಕೊಡಬೇಕೆಂಬ ಪ್ರಸ್ತಾವ ಬಂದಾಗಲೆಲ್ಲ ವರ್ತಕರು ಎತ್ತುವ ಆಕ್ಷೇಪ ಒಂದೇ: ಗಿರಾಕಿ ಬರುವುದಿಲ್ಲ, ವ್ಯಾಪಾರ ಬಿದ್ದುಹೋಗುತ್ತದೆ. ಆಡಳಿತದ ಸಮರ್ಥನೆಯೂ ಬದಲಾಗುವುದಿಲ್ಲ: ಸಂಚಾರ ಸುಗಮವಾಗುತ್ತದೆ, ಸ್ಥಳೀಯ ಸಂಸ್ಥೆಗೆ ನಾಲ್ಕು ಕಾಸು ಬರುತ್ತದೆ. ಮೈಸೂರಿನ ದೇವರಾಜ ಅರಸು ರಸ್ತೆಯ ವಿಚಾರದಲ್ಲಿ ಈ ವಾದ-ಪ್ರತಿವಾದ ಒಂದಲ್ಲ, ಹಲವು ಸಲ ನಡೆದಿದೆ. ಬೆಂಗಳೂರಿನಲ್ಲಿ ಅದು ನೀತಿಯ ರೂಪವನ್ನೇ ಪಡೆದಿದೆ. ಆದರೆ ಜಿಲ್ಲಾ ಕೇಂದ್ರ ಮತ್ತು ತಾಲ್ಲೂಕು ಕೇಂದ್ರಗಳ ಪೇಟೆಬೀದಿಗಳನ್ನು ಈ ದೃಷ್ಟಿಯಿಂದ ನೋಡಿದ್ದು ಕಡಿಮೆ.

ಕೋಲಾರ ಜಿಲ್ಲೆಯ ನಾಲ್ಕು ಪಟ್ಟಣಗಳನ್ನು ಈ ಲೇಖನ ಪರಿಶೀಲನೆಗೆ ಎತ್ತಿಕೊಂಡಿದೆ. 2011ರ ಜನಗಣತಿಯ ಪ್ರಕಾರ ಕೋಲಾರದ ಜನಸಂಖ್ಯೆ ಸುಮಾರು 1.38 ಲಕ್ಷ, ಮುಳಬಾಗಿಲಿನದು 57 ಸಾವಿರ, ಮಾಲೂರಿನದು 40 ಸಾವಿರ, ಶ್ರೀನಿವಾಸಪುರದ್ದು ಸುಮಾರು 27 ಸಾವಿರ. ಒಂದೇ ಜಿಲ್ಲೆಯಲ್ಲಿದ್ದರೂ ಇವುಗಳ ಕಸುಬು ಬೇರೆ ಬೇರೆ. ಕೋಲಾರ ಟೊಮೆಟೊ ಮತ್ತು ಕಚೇರಿಗಳ ಊರು. ಮಾಲೂರು ಹೆಂಚು, ಇಟ್ಟಿಗೆ, ಕಾರ್ಖಾನೆ ಮತ್ತು ರೈಲಿನ ಊರು. ಮುಳಬಾಗಿಲು ಹೆದ್ದಾರಿ ಮತ್ತು ಗಡಿ ವ್ಯಾಪಾರದ ಊರು. ಶ್ರೀನಿವಾಸಪುರ ಮಾವಿನ ಊರು. ಆದ್ದರಿಂದ ಒಂದೇ ನಿಯಮ ನಾಲ್ಕು ಕಡೆ ಹೇಗೆ ಬೇರೆ ಬೇರೆ ಫಲ ಕೊಡಬಹುದೆಂದು ನೋಡಲು ಇವು ತಕ್ಕ ನಿದರ್ಶನಗಳು.

ಇಲ್ಲಿ ಮಂಡಿಸುವ ವಾದ ಇಷ್ಟು. ಪೇಟೆಯ ಏಳುಬೀಳನ್ನು ಶುಲ್ಕದ ದರಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ: ಬೀದಿಯ ಜಾಗವನ್ನು ಈಗ ಯಾರು ಹಿಡಿದುಕೊಂಡಿದ್ದಾರೆ, ವಸೂಲಿ ಯಾರ ಕೈಯಲ್ಲಿದೆ, ವಸೂಲಾದ ಹಣ ಎಲ್ಲಿಗೆ ಸೇರುತ್ತದೆ.

2. ಸುಂಕದಿಂದ ಶುಲ್ಕದವರೆಗೆ

ಪೇಟೆಗೆ ಬಂದವರಿಂದ ಹಣ ಪಡೆಯುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಸುಂಕ, ಸಂತೆ, ದೇವಸ್ಥಾನಕ್ಕೆ ಬಿಟ್ಟ ಆದಾಯ ಇವು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು. ವಿಜಯನಗರ ಕಾಲದಲ್ಲಿ ಹೊಸ ಪೇಟೆ ಕಟ್ಟುವಾಗ ಅಲ್ಲಿ ನೆಲೆಸುವ ವರ್ತಕರಿಗೆ ಕೆಲವು ವರ್ಷ ತೆರಿಗೆ ಬಿಟ್ಟುಕೊಡುವ ವಾಡಿಕೆ ಇತ್ತು. ಪೇಟೆ ನೆಲೆಗೊಂಡ ಮೇಲೆ ಸುಂಕ ಶುರುವಾಗುತ್ತಿತ್ತು. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬ ವಿವೇಚನೆ ಆಗಲೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಇತ್ತೀಚಿನ ಕಾಲದಲ್ಲಿ ಊರಿನ ಬಾಗಿಲಲ್ಲೇ ಸರಕಿನ ಮೇಲೆ ಸುಂಕ ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಪುರಸಭೆಗಳ ಮುಖ್ಯ ಆದಾಯವಾಗಿತ್ತು. ಕರ್ನಾಟಕ 1979ರಲ್ಲಿ ಅದನ್ನು ಕೈಬಿಟ್ಟಿತು. ಗಾಡಿಗಳು ನಾಕಾದಲ್ಲಿ ಕಾಯುವುದು ತಪ್ಪಿತು, ವ್ಯಾಪಾರಕ್ಕೆ ಅನುಕೂಲವಾಯಿತು. ಆದರೆ ಸ್ಥಳೀಯ ಸಂಸ್ಥೆಗಳು ತಮ್ಮ ಕೈಯಲ್ಲಿದ್ದ ಆದಾಯ ಕಳೆದುಕೊಂಡು ರಾಜ್ಯ ಸರ್ಕಾರದ ಅನುದಾನಕ್ಕೆ ಕೈಚಾಚುವಂತಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಪಟ್ಟಣಗಳ ಹೊಣೆಯನ್ನು ಹೆಚ್ಚಿಸಿತು; ಆದಾಯದ ಮೂಲಗಳು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ನಿಲುಗಡೆ ಶುಲ್ಕದ ಮೇಲೆ ಪುರಸಭೆಗಳ ಕಣ್ಣು ಬೀಳುವುದಕ್ಕೆ ಈ ಬಡತನವೇ ಕಾರಣ.

ಆಕ್ಟ್ರಾಯ್ ಹೋದರೂ ಸಂತೆ ಸುಂಕ, ನೆಲಬಾಡಿಗೆ ಉಳಿದುಕೊಂಡವು. ರಾಜ್ಯದ ಬಹಳಷ್ಟು ಪಟ್ಟಣಗಳಲ್ಲಿ ಇವುಗಳ ವಸೂಲಿ ಹಕ್ಕನ್ನು ಹರಾಜು ಹಾಕುತ್ತಾರೆ. ಹರಾಜು ಹಿಡಿದವನ ಕಡೆಯವರು ಬೆಳಿಗ್ಗೆ ಚೀಟಿ ಪುಸ್ತಕ ಹಿಡಿದು ಬರುತ್ತಾರೆ. ಸೊಪ್ಪಿನ ಕಟ್ಟು ಹರಡಿಕೊಂಡು ಕೂತ ಹೆಂಗಸು, ತಳ್ಳುಗಾಡಿಯ ಬಾಳೆಹಣ್ಣಿನವನು, ಹೂವಿನವಳು ಬೋಣಿಯಾಗುವ ಮೊದಲೇ ದುಡ್ಡು ಎಣಿಸಬೇಕು. ಅದೇ ಬೀದಿಯಲ್ಲಿ, ಆಕೆಯ ಮಂಕರಿಯ ಹತ್ತು ಪಾಲು ಜಾಗ ಹಿಡಿದು ಇಡೀ ದಿನ ನಿಂತ ಕಾರಿಗೆ ಚೀಟಿ ಇಲ್ಲ. ಬೀದಿಯ ನೆಲಕ್ಕೆ ಬೆಲೆ ಕಟ್ಟಬಾರದೆಂಬ ಮಾತು ವಸ್ತುಸ್ಥಿತಿಗೆ ದೂರವಾದದ್ದು. ಬೆಲೆಯನ್ನು ಕಟ್ಟಿಯಾಗಿದೆ, ಆದರೆ ಅದನ್ನು ತೆರುತ್ತಿರುವವರು ಬಡವರು ಮಾತ್ರ.

3. ಕಾನೂನಿನ ಚೌಕಟ್ಟು

1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು ವಾಹನ ನಿಲ್ಲಿಸುವ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ನೀಡುತ್ತದೆ. ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಬೇಕೆಂಬುದು ಅದರ ಷರತ್ತು. ಅವಧಿಯ ಮಿತಿ ಇಲ್ಲದೆಯೋ ನಿರ್ದಿಷ್ಟ ಅವಧಿಗೋ ವಾಹನ ನಿಲ್ಲಿಸಲು ಸ್ಥಳ ಗೊತ್ತುಮಾಡಬಹುದೆಂದು ಆ ಕಲಮೇ ಹೇಳುತ್ತದೆ. ಹಾಗಾಗಿ ಒಂದು ಗಂಟೆಯ ಮಿತಿ ಹಾಕಲು ಹೊಸ ಕಾನೂನಿನ ಅಗತ್ಯವಿಲ್ಲ. ಅಪಾಯಕರವಾಗಿ ಬಿಟ್ಟುಹೋದ ವಾಹನಗಳನ್ನು 122ನೇ ಕಲಮು, ಅವನ್ನು ತೆರವು ಮಾಡುವುದನ್ನು 127ನೇ ಕಲಮು ನೋಡಿಕೊಳ್ಳುತ್ತವೆ. ಬೀದಿಯ ಒಡೆತನ ಮತ್ತು ನಿರ್ವಹಣೆಯ ಕಡೆಯಿಂದ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯವಾಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರ ವಲಯ ಗುರುತಿಸುವಾಗ ಪಟ್ಟಣ ವ್ಯಾಪಾರ ಸಮಿತಿಯ ಮಾತಿಗೆ ಸ್ಥಾನ ಕೊಟ್ಟಿದೆ.

ನೀತಿಯ ಮಟ್ಟದಲ್ಲಿ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ನಿಲುಗಡೆ ಶುಲ್ಕ ಆ ನೆಲದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದಿತು. ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿದ ಬೆಂಗಳೂರಿನ ‘ಪಾರ್ಕಿಂಗ್ ನೀತಿ 2.0’ಕ್ಕೆ 2021ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಬಿಟ್ಟಿ ಮತ್ತು ಅಸ್ತವ್ಯಸ್ತ ನಿಲುಗಡೆಯಿಂದ ಶುಲ್ಕ ಸಹಿತವಾದ, ಪ್ರದೇಶವಾರು ಯೋಜಿಸಿದ ನಿಲುಗಡೆಗೆ ಹೋಗುವುದು ಅದರ ಗುರಿ. ಸಣ್ಣ ಪಟ್ಟಣಗಳು ಇದರಿಂದ ತೆಗೆದುಕೊಳ್ಳಬೇಕಾದದ್ದು ಪ್ರದೇಶವಾರು ಯೋಜನೆ ಎಂಬ ಕಲ್ಪನೆಯನ್ನು. ದರದ ಪಟ್ಟಿಯನ್ನು ಅಲ್ಲಿಂದ ಎತ್ತಿ ತರಬೇಕಾಗಿಲ್ಲ.

4. ಹೊರಗಿನ ಅನುಭವ

ಮೊದಲ ಪಾರ್ಕಿಂಗ್ ಮೀಟರು ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ 1935ರ ಜುಲೈನಲ್ಲಿ ಬಂತು. ಅಂಗಡಿಗಳ ಮುಂದಿನ ಜಾಗವನ್ನು ಅಲ್ಲೇ ಕೆಲಸ ಮಾಡುವವರು ಇಡೀ ದಿನ ಆಕ್ರಮಿಸುತ್ತಿದ್ದರು, ಗಿರಾಕಿಗೆ ಜಾಗ ಸಿಗುತ್ತಿರಲಿಲ್ಲ. ಅಂದರೆ ನಿಲುಗಡೆ ಶುಲ್ಕ ಹುಟ್ಟಿದ್ದೇ ವ್ಯಾಪಾರಕ್ಕೆ ನೆರವಾಗಲೆಂದು.

ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಈ ಕ್ಷೇತ್ರದ ಆಧಾರಗ್ರಂಥ. ಸುಮಾರು ಶೇ 85ರಷ್ಟು ಜಾಗ ತುಂಬಿ ಉಳಿದದ್ದು ಖಾಲಿ ಇರುವಂತೆ ದರ ಇರಬೇಕು, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಬೇಕು ಎಂಬುದು ಅವರ ಸೂತ್ರ. ಅವರು ತೋರಿಸುವ ಪ್ರಸಿದ್ಧ ಉದಾಹರಣೆ ಕ್ಯಾಲಿಫೋರ್ನಿಯಾದ ಹಳೆ ಪಾಸಡೀನ. ಅಲ್ಲಿ 1993ರಲ್ಲಿ ಗಂಟೆಗೆ ಒಂದು ಡಾಲರಿನ ಮೀಟರು ಹಾಕಲು ಹೊರಟಾಗ ವರ್ತಕರು ತಿರುಗಿಬಿದ್ದರು. ಹಣವೆಲ್ಲ ಅದೇ ಪೇಟೆಯ ಕಾಲುದಾರಿ, ದೀಪ, ಸ್ವಚ್ಛತೆಗೆ ಹೋಗುತ್ತದೆಂದು ಖಾತರಿಯಾದ ಮೇಲೆ ಅವರೇ ಒಪ್ಪಿದರು. ಪಾಳುಬಿದ್ದಂತಿದ್ದ ಆ ಪೇಟೆ ಚೇತರಿಸಿಕೊಂಡಿತು.

ಇದಕ್ಕೆ ಎದುರು ವಾದವೂ ಇದೆ. ಬ್ರಿಟನ್ನಿನ ಪೇಟೆಬೀದಿಗಳ ಕುರಿತು ಮೇರಿ ಪೋರ್ಟಾಸ್ 2011ರಲ್ಲಿ ಸಲ್ಲಿಸಿದ ವರದಿ ನಿಯಂತ್ರಿತ ಉಚಿತ ನಿಲುಗಡೆಯನ್ನು ಶಿಫಾರಸು ಮಾಡಿತು. ಆದರೆ 2015ರಲ್ಲಿ ವೇಲ್ಸ್ ಸರ್ಕಾರಕ್ಕಾಗಿ ನಡೆದ ಅಧ್ಯಯನ, ಶುಲ್ಕಕ್ಕೂ ಪೇಟೆಗೆ ಬರುವ ಜನರ ಸಂಖ್ಯೆಗೂ ನೇರ ಸಂಬಂಧ ತೋರಿಸುವ ಪುರಾವೆ ತೀರಾ ಕಡಿಮೆಯೆಂದು ಕಂಡುಕೊಂಡಿತು. ಬ್ರಿಸ್ಟಲ್ ನಗರದ ಗ್ಲಾಸ್ಟರ್ ರಸ್ತೆಯಲ್ಲಿ 2006ರಲ್ಲಿ ನಡೆದ ಸಮೀಕ್ಷೆ ಇನ್ನೂ ಕುತೂಹಲಕರ. ತಮ್ಮ ಗಿರಾಕಿಗಳಲ್ಲಿ ಶೇ 41ರಷ್ಟು ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಅಂದಾಜು ಮಾಡಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕ ಲೆಕ್ಕ ಶೇ 22.

ಈ ಕೊನೆಯ ಸಂಗತಿ ನಮ್ಮ ಪಟ್ಟಣಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಇಲ್ಲಿನ ಬಟ್ಟೆ, ಪಾತ್ರೆ, ದಿನಸಿ ಅಂಗಡಿಗಳಿಗೆ ಹಳ್ಳಿಯ ಗಿರಾಕಿಗಳ ದೊಡ್ಡ ಪಾಲು ಬರುವುದು ಬಸ್ಸಿನಲ್ಲಿ, ಶೇರ್ ಆಟೊದಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪೇಟೆಗೆ ಹೋಗಿಬರುವ ಖರ್ಚೇ ಇಲ್ಲ. ಬಸ್ ನಿಲ್ದಾಣದಿಂದ ಅಂಗಡಿಯವರೆಗೆ ಆಕೆ ನಡೆಯುವ ಫುಟ್‌ಪಾತಿನ ಮೇಲೆ ಬೈಕು ನಿಂತಿದ್ದರೆ, ಆ ಬಿಟ್ಟಿ ನಿಲುಗಡೆಯಿಂದ ಅಂಗಡಿಗೆ ಆಗುವುದು ನಷ್ಟವೇ.

5. ಜಾಗದ ಲೆಕ್ಕ

ವಾದವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ಬೀದಿಯ ಲೆಕ್ಕ ಹಾಕೋಣ. ರಸ್ತೆಯ ಒಂದು ಬದಿಯಲ್ಲಿ 100 ಮೀಟರ್ ಉದ್ದ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ವ್ಯಾಪಾರ. ಉದ್ದಕ್ಕೆ ನಿಲ್ಲಿಸಿದ ಕಾರೊಂದಕ್ಕೆ 6 ಮೀಟರ್ ಹಿಡಿದರೆ 16 ಕಾರು ಹಿಡಿಸುತ್ತವೆ. ಅದೇ ಜಾಗದಲ್ಲಿ ಅಂಗಡಿಗೆ ಮುಖ ಮಾಡಿ ದ್ವಿಚಕ್ರ ವಾಹನ ನಿಲ್ಲಿಸಿದರೆ, ನಡುನಡುವೆ ಜನ ಹಾದುಹೋಗಲು ದಾರಿ ಬಿಟ್ಟೂ 100 ವಾಹನ ಹಿಡಿಸುತ್ತವೆ.

ಈಗ ಈ 100 ವಾಹನಗಳೂ ಅಂಗಡಿ ಮಾಲೀಕರದು, ಕೆಲಸದ ಹುಡುಗರದು, ಪಕ್ಕದ ಬ್ಯಾಂಕಿನ ಗುಮಾಸ್ತರದು ಎಂದುಕೊಳ್ಳಿ. ಬೆಳಿಗ್ಗೆ ಷಟರ್ ಎತ್ತುವಾಗ ನಿಲ್ಲಿಸಿದ ಸ್ಕೂಟರ್ ರಾತ್ರಿ ಷಟರ್ ಎಳೆಯುವವರೆಗೆ ಕದಲುವುದಿಲ್ಲ. ದಿನವಿಡೀ ಆ ಜಾಗ ಬಳಸಿದವರು 100 ಮಂದಿ, ಅವರಲ್ಲಿ ಗಿರಾಕಿ ಒಬ್ಬನೂ ಇಲ್ಲ. ಅದೇ ಜಾಗದಲ್ಲಿ ಸರಾಸರಿ 40 ನಿಮಿಷ ನಿಂತು ಹೋಗುವವರಿದ್ದರೆ, 12 ಗಂಟೆಯಲ್ಲಿ ಒಂದೊಂದು ಜಾಗಕ್ಕೆ 18 ವಾಹನ. ಒಟ್ಟು 1,800 ಮಂದಿ ಆ ಬೀದಿಯಲ್ಲಿ ಇಳಿಯಲು ಅವಕಾಶ. ಪೂರ್ತಿ ತುಂಬುವುದಿಲ್ಲವೆಂದು ಅರ್ಧಕ್ಕೆ ಇಳಿಸಿದರೂ 900. ರಸ್ತೆ ಅಗಲಿಸದೆ, ಕಟ್ಟಡ ಕೆಡವದೆ, ಬಹುಮಹಡಿ ನಿಲ್ದಾಣ ಕಟ್ಟದೆ ಸಿಗುವ ಜಾಗ ಇದು.

ಶುಲ್ಕದ ನಿಜವಾದ ಕೆಲಸ ಈ ಚಲನೆಯನ್ನು ಉಂಟುಮಾಡುವುದು. ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಗಂಟೆಯ ಲೆಕ್ಕ ಎಂದಾದರೆ ಔಷಧಿ ಕೊಳ್ಳಲು ಬಂದವನಿಗೆ ಹೊರೆ ಇಲ್ಲ. ದಿನವಿಡೀ ನಿಲ್ಲಿಸುವವನು ಮಾತ್ರ ಹಿಂದಿನ ಬೀದಿಗೆ ಹೋಗುತ್ತಾನೆ. ಇಡೀ ದಿನಕ್ಕೆ ಒಂದೇ ಚೀಟಿ, ತಿಂಗಳಿಗೆ ಪಾಸು ಎಂದಾದರೆ ಫಲ ತಿರುವುಮುರುವು. ಹತ್ತು ನಿಮಿಷಕ್ಕೆ ಬಂದವನು ಪೂರ್ತಿ ತೆತ್ತು ಬೇಸರಪಡುತ್ತಾನೆ, ದಿನವಿಡೀ ನಿಲ್ಲಿಸುವವನಿಗೆ ಅದು ಅಗ್ಗವಾಗುತ್ತದೆ. ವರ್ತಕರ ಭಯ ಈ ಎರಡನೆಯ ಬಗೆಯ ಶುಲ್ಕಕ್ಕೆ ಸಂಬಂಧಿಸಿದಂತೆ ಸಾಧಾರವಾದದ್ದು.

6. ನಾಲ್ಕು ಪಟ್ಟಣಗಳು

ಕೋಲಾರ: ಗಡಿಯಾರ ಗೋಪುರ, ಎಂ.ಜಿ. ರಸ್ತೆ, ದೊಡ್ಡಪೇಟೆ, ಡೂಂಲೈಟ್ ವೃತ್ತದ ಸುತ್ತಲಿನ ಪೇಟೆ ವಾಹನಗಳಿಗಾಗಿ ಹುಟ್ಟಿದ್ದಲ್ಲ. ಜಿಲ್ಲೆಯ ನರಸಾಪುರದಲ್ಲೇ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಿಂದ ನಡೆಯುತ್ತಿದೆ. ಅಂಥ ವಾಹನಗಳನ್ನು ನಿಲ್ಲಿಸುವ ಜಾಗ ಮಾತ್ರ ಜಿಲ್ಲಾ ಕೇಂದ್ರದ ಪೇಟೆಯಲ್ಲಿ ಹೆಚ್ಚಿಲ್ಲ. ನಾಲ್ಕು ಪಟ್ಟಣಗಳಲ್ಲಿ ಗಂಟೆವಾರು ಶುಲ್ಕ ಫಲ ಕೊಡುವ ಸಂಭವ ಹೆಚ್ಚಿರುವುದು ಇಲ್ಲೇ. ಬೇಡಿಕೆ ಜಾಗವನ್ನು ಮೀರಿದೆ, ಹತ್ತಿರದಲ್ಲಿ ಪೈಪೋಟಿ ಕೊಡುವ ಬೇರೆ ಪೇಟೆ ಇಲ್ಲ. ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ಹೋಗುವವನು ಐದು ರೂಪಾಯಿ ಉಳಿಸಲು ಹೋಗುವವನಲ್ಲ. ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯ ಸುತ್ತ ರೋಗಿಗಳ ಕಡೆಯವರಿಗೆ ವಿನಾಯಿತಿ ಬೇಕೇ ಬೇಕು. ಎ.ಪಿ.ಎಂ.ಸಿ. ಟೊಮೆಟೊ ಮಾರುಕಟ್ಟೆಯದು ಬೇರೆಯೇ ಸಮಸ್ಯೆ. ಅಲ್ಲಿ ಕೊರತೆ ಇರುವುದು ಲಾರಿ ಮತ್ತು ಪಿಕಪ್‌ಗಳು ಸಾಲು ನಿಲ್ಲುವ ಅಂಗಳದ್ದು. ಶುಲ್ಕದಿಂದ ಅದು ನೀಗುವುದಿಲ್ಲ, ಮಾರುಕಟ್ಟೆಗೆ ಹೆಚ್ಚಿನ ನೆಲವೇ ಬೇಕು.

ಮಾಲೂರು: ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗದ ಈ ಪಟ್ಟಣದಿಂದ ದಿನಾ ಬೆಳಿಗ್ಗೆ ರಾಜಧಾನಿಗೆ ದುಡಿಯಲು ಹೋಗುವವರ ದಂಡೇ ಇದೆ. ಇಂಥ ಊರುಗಳಲ್ಲಿ ರೈಲು ನಿಲ್ದಾಣದ ಸ್ಟ್ಯಾಂಡಿನಲ್ಲಿ ದುಡ್ಡು, ಹೊರಗಿನ ಬೀದಿಯಲ್ಲಿ ಬಿಟ್ಟಿ ಎಂದಾದರೆ ಬೈಕುಗಳು ಬೀದಿಗೇ ಬರುತ್ತವೆ. ಮುಂಜಾನೆ ನಿಂತ ಬೈಕು ಸಂಜೆಯ ರೈಲು ಬರುವವರೆಗೆ ಅಲ್ಲೇ ಇರುತ್ತದೆ. ಅದರ ಮಾಲೀಕ ಸಂಪಾದಿಸುವುದೂ ಖರ್ಚು ಮಾಡುವುದೂ ಬಹುಪಾಲು ಬೆಂಗಳೂರಿನಲ್ಲಿ. ಇಲ್ಲಿ ಮೊದಲು ಆಗಬೇಕಾದದ್ದು ನಿಲ್ದಾಣದ ಹತ್ತಿರ ಕಡಿಮೆ ದರದ, ತಿಂಗಳ ಪಾಸಿನ, ಕಾವಲಿರುವ ನಿಲುಗಡೆ. ಅದು ಸಿದ್ಧವಾದ ಮೇಲೆ ಪೇಟೆಬೀದಿಗೆ ಅವಧಿ ಮಿತಿ. ಈ ಕ್ರಮ ಹಿಂದುಮುಂದಾದರೆ ದುಡಿಯುವ ಜನಕ್ಕೆ ದಂಡ ಹಾಕಿದಂತಾಗುತ್ತದೆ.

ಮುಳಬಾಗಿಲು: ಬೆಂಗಳೂರು–ಚೆನ್ನೈ ಹೆದ್ದಾರಿಯೇ ಒಂದು ಕಾಲಕ್ಕೆ ಊರಿನ ಮುಖ್ಯಬೀದಿ. ಚತುಷ್ಪಥ ಹೆದ್ದಾರಿ ಬಂದ ಮೇಲೆ ದೂರದ ವಾಹನಗಳು ಬೈಪಾಸ್ ಹಿಡಿದವು. ಈಗ ಊರೊಳಕ್ಕೆ ಬರುವವರು ಬೇಕೆಂದೇ ಬರುವವರು: ಮುಳಬಾಗಿಲು ದೋಸೆ ತಿನ್ನಲು, ಕುರುಡುಮಲೆ ಮತ್ತು ಆವನಿಗೆ ಹೋಗುವ ದಾರಿಯಲ್ಲಿ ಆಂಜನೇಯನ ದರ್ಶನಕ್ಕೆ, ಆಂಧ್ರದ ಗಡಿಯ ಹಳ್ಳಿಗಳಿಂದ ಬಟ್ಟೆಬರೆ ಕೊಳ್ಳಲು. ಟೋಲ್ ಕಟ್ಟಿ ಬಂದವನನ್ನು ಊರ ಬಾಗಿಲಲ್ಲಿ ಮತ್ತೆ ಚೀಟಿ ಕೊಟ್ಟು ನಿಲ್ಲಿಸಿದರೆ ಅವನು ಬೈಪಾಸಿನ ಹೋಟೆಲಿಗೇ ಹೋಗುತ್ತಾನೆ. ಶುಲ್ಕದ ಬಗ್ಗೆ ವರ್ತಕರ ಆತಂಕ ಅತಿ ಹೆಚ್ಚು ನಿಜವಾಗಬಹುದಾದ ಪಟ್ಟಣ ಇದು. ಒಂದು ಗಂಟೆಯ ಉಚಿತ ನಿಲುಗಡೆ, ಮಿತಿ ಮೀರಿದರೆ ಕಟ್ಟುನಿಟ್ಟು ಎಂಬುದು ಇಲ್ಲಿಗೆ ಹೊಂದುವ ಕ್ರಮ.

ಶ್ರೀನಿವಾಸಪುರ: ಇಲ್ಲಿ ವರ್ಷಕ್ಕೆ ಎರಡು ಪೇಟೆ. ಮೇ ತಿಂಗಳಿಂದ ಜುಲೈವರೆಗೆ ಮಾವಿನ ಮಂಡಿಗಳತ್ತ ಟ್ರ್ಯಾಕ್ಟರು, ಲಾರಿ, ಟಾಟಾ ಏಸ್‌ಗಳು ಸಾಲುಗಟ್ಟುತ್ತವೆ. ಉಳಿದ ಕಾಲದಲ್ಲಿ ಸಾಧಾರಣ ತಾಲ್ಲೂಕು ಕೇಂದ್ರದ ಓಡಾಟ. ವರ್ಷಪೂರ್ತಿ ಶುಲ್ಕ ವಿಧಿಸಿದರೆ ವಸೂಲಿಗೆ ನೇಮಿಸಿದವರ ಸಂಬಳಕ್ಕೇ ಆದಾಯ ಸರಿಹೋಗುತ್ತದೆ. ಬೇಕಾಗಿರುವುದು ಸುಗ್ಗಿಯ ಮೂರು ತಿಂಗಳು ಊರ ಹೊರಗೆ ನೀರು, ಶೌಚಾಲಯ, ದೀಪವಿರುವ ಲಾರಿ ನಿಲ್ದಾಣ. ಅದಕ್ಕೆ ಖರೀದಿದಾರರ ಲಾರಿಗಳಿಂದ ಶುಲ್ಕ ಪಡೆಯಬಹುದು, ರೈತನ ಟ್ರ್ಯಾಕ್ಟರಿನಿಂದ ಕೂಡದು.

7. ವಸೂಲಿಯ ವಿಧಾನ

ನಿಲುಗಡೆ ಶುಲ್ಕದ ಹೆಸರು ಕೆಡುವುದು ದರದಿಂದಲ್ಲ, ವಸೂಲಿಯ ರೀತಿಯಿಂದ. ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರ ಹಾಕಿದ ದುಡ್ಡನ್ನು ವರ್ಷದೊಳಗೆ ಎತ್ತಬೇಕು. ಬೀದಿಯಲ್ಲಿ ಜಾಗ ಖಾಲಿ ಇರುವಂತೆ ನೋಡಿಕೊಳ್ಳುವುದರಿಂದ ಅವನಿಗೆ ಲಾಭವಿಲ್ಲ. ಗೆರೆಯಾಚೆ ನಿಂತವನಿಗೂ ಚೀಟಿ ಹರಿಯುವುದು, ಚೀಟಿ ಇಲ್ಲದೆ ಕಾಸು ಪಡೆಯುವುದು, ಫುಟ್‌ಪಾತಿನ ಮೇಲೂ ವಾಹನ ಹತ್ತಿಸುವುದು ಅವನ ಲೆಕ್ಕಕ್ಕೆ ಸರಿ. ಬೆಂಗಳೂರಿನಲ್ಲಿ ಖಾಸಗಿಯವರ ಮೂಲಕ ನಡೆಯುತ್ತಿದ್ದ ಟೋಯಿಂಗ್ ವಿರುದ್ಧ ಜನರ ಸಿಟ್ಟು ಹೆಚ್ಚಿ 2022ರ ಫೆಬ್ರುವರಿಯಲ್ಲಿ ಸರ್ಕಾರ ಅದನ್ನು ನಿಲ್ಲಿಸಬೇಕಾಗಿ ಬಂದದ್ದು ನೆನಪಿಡಬೇಕಾದ ಪಾಠ.

ಇದಕ್ಕೆ ಬದಲಾಗಿ ಸ್ವಸಹಾಯ ಸಂಘಗಳಿಗೆ ಅಥವಾ ಪುರಸಭೆಯ ಸಿಬ್ಬಂದಿಗೆ ನಿಗದಿತ ಸಂಭಾವನೆಯ ಮೇಲೆ ಕೆಲಸ ಒಪ್ಪಿಸಬಹುದು. ಆಗ ವಸೂಲಿ ಹೆಚ್ಚಿಸುವ ಆತುರ ಇರುವುದಿಲ್ಲ. ಯುಪಿಐ ಮೂಲಕ ಪಾವತಿ ಮಾಡಿದರೆ ಲೆಕ್ಕ ನೇರವಾಗಿ ಪುರಸಭೆಯ ಖಾತೆಗೆ ಬರುತ್ತದೆ. ಆ ಹಣಕ್ಕೆ ಪ್ರತ್ಯೇಕ ಖಾತೆ ಇರಬೇಕು. ತಿಂಗಳ ಆದಾಯ-ಖರ್ಚಿನ ಪಟ್ಟಿಯನ್ನು ಅದೇ ಬೀದಿಯಲ್ಲಿ ಫಲಕದ ಮೇಲೆ ಬರೆಯಬೇಕು. ಬೀದಿ ದೀಪ, ಹೆಂಗಸರ ಶೌಚಾಲಯ, ಚರಂಡಿಯ ಮೇಲಿನ ಕಲ್ಲುಚಪ್ಪಡಿ ಇವು ಕಣ್ಣಿಗೆ ಕಾಣುವ ಪ್ರತಿಫಲಗಳು.

8. ಅಳೆಯುವ ಬಗೆ

ಶುಲ್ಕದ ಪರಿಣಾಮವನ್ನು ಹಿಂದಿನ ವರ್ಷ–ಈ ವರ್ಷ ಎಂದು ಹೋಲಿಸಿ ತೀರ್ಮಾನಿಸುವುದು ಈ ಜಿಲ್ಲೆಯಲ್ಲಿ ದಾರಿ ತಪ್ಪಿಸುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ತಡೆ ಹಾಕಿದಾಗ ಶ್ರೀನಿವಾಸಪುರದ ಬೆಳೆಗಾರರು ಬೆಲೆಯಿಲ್ಲದೆ ಕಂಗೆಟ್ಟರು. ರೈತನ ಕೈಯಲ್ಲಿ ಕಾಸು ಓಡಾಡಿದರೆ ಬಟ್ಟೆ ಅಂಗಡಿ ತುಂಬುತ್ತದೆ, ಇಲ್ಲದಿದ್ದರೆ ನಿಲುಗಡೆ ಬಿಟ್ಟಿಯಾಗಿದ್ದರೂ ಖಾಲಿ. ಆದ್ದರಿಂದ ಒಂದೇ ಊರಿನಲ್ಲಿ, ಒಂದೇ ತಿಂಗಳಲ್ಲಿ, ಶುಲ್ಕವಿರುವ ಬೀದಿಯನ್ನೂ ಇಲ್ಲದ ಬೀದಿಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಸ್ಥಳೀಯ ಪದವಿ ಕಾಲೇಜಿನ ವಿದ್ಯಾರ್ಥಿಗಳು ಅರ್ಧ ಗಂಟೆಗೊಮ್ಮೆ ನಿಂತ ವಾಹನಗಳ ಸಂಖ್ಯಾಫಲಕದ ಕೊನೆಯ ನಾಲ್ಕು ಅಂಕಿ ಬರೆದುಕೊಂಡರೆ ಎಷ್ಟು ವಾಹನ ಎಷ್ಟು ಹೊತ್ತು ನಿಂತವೆಂದು ತಿಳಿಯುತ್ತದೆ. ಗಿರಾಕಿಗಳು ಹೇಗೆ ಬಂದರು, ಎಷ್ಟು ಖರ್ಚು ಮಾಡಿದರು ಎಂಬ ಎರಡು ಪ್ರಶ್ನೆ ಕೇಳಿದರೆ ಉಳಿದರ್ಧ ಸಿಗುತ್ತದೆ.

9. ಉಪಸಂಹಾರ

ನಿಲುಗಡೆ ಶುಲ್ಕವೊಂದರಿಂದಲೇ ಪೇಟೆ ಉದ್ಧಾರವಾಗುವುದಿಲ್ಲ, ಹಾಳೂ ಆಗುವುದಿಲ್ಲ. ಬೇಡಿಕೆ ಜಾಗವನ್ನು ಮೀರಿದ ಕಡೆ, ಗಂಟೆಯ ಲೆಕ್ಕದಲ್ಲಿ, ಹರಾಜಿಲ್ಲದೆ, ಅದೇ ಬೀದಿಗೆ ಹಣ ಮರಳುವಂತೆ ವಿಧಿಸಿದ ಶುಲ್ಕ ವರ್ತಕನಿಗೂ ಗಿರಾಕಿಗೂ ಅನುಕೂಲ. ಈ ನಾಲ್ಕರಲ್ಲಿ ಸದ್ಯಕ್ಕೆ ಆ ಷರತ್ತುಗಳಿಗೆ ಹೊಂದುವುದು ಕೋಲಾರದ ಹಳೆಪೇಟೆ ಮಾತ್ರ. ಮಾಲೂರಿಗೆ ಮೊದಲು ನಿಲ್ದಾಣದ ಬಳಿ ಜಾಗ ಬೇಕು, ಮುಳಬಾಗಿಲಿಗೆ ಅವಧಿ ಮಿತಿ ಸಾಕು, ಶ್ರೀನಿವಾಸಪುರಕ್ಕೆ ಸುಗ್ಗಿಯ ಲಾರಿ ಅಂಗಳ ಬೇಕು. ಎಲ್ಲ ಪಟ್ಟಣಗಳಿಗೂ ಒಂದೇ ಸುತ್ತೋಲೆ ಕಳಿಸಿದರೆ ನಾಲ್ಕರಲ್ಲಿ ಮೂರು ಕಡೆ ಅದು ಸೋಲುತ್ತದೆ. ನಗರಸಭೆಗಳೂ ಪುರಸಭೆಗಳೂ ಕಾರಿಗೆ ದರ ಗೊತ್ತುಮಾಡುವ ಮೊದಲು ಇನ್ನೊಂದು ಕೆಲಸ ಮಾಡಬೇಕು: ಸೊಪ್ಪು, ಹೂವು ಮಾರುವವರ ಮೇಲಿನ ದಿನದ ಸುಂಕವನ್ನು ಕೈಬಿಡಬೇಕು. ಬೀದಿಯಲ್ಲಿ ಹೆಚ್ಚು ಜಾಗ ಹಿಡಿದವರು ಹೆಚ್ಚು ತೆರುವ ಕ್ರಮ ಅಲ್ಲಿಂದ ಶುರುವಾಗಲಿ.